ಹಾಸಿನ ಆಚೆ ಬಿದ್ದ ಕಲೆಗಳು: ಕಾರಿನೊಳಗೆ ಸೈಕಲ್ ಸಾಗಿಸಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಇರುವುದು ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಮಣ್ಣಿನ ಹಾದಿಯಲ್ಲಿ ಓಡಿಸುವ ಒಂದು ಮೌಂಟನ್ ಸೈಕಲ್, ಮತ್ತು ಇವೆರಡನ್ನೂ ಹಂಚಿಕೊಂಡು ಬದುಕುವ ಅಕ್ಕ, ತಮ್ಮ. ಕಾರು ಅಕ್ಕನದು. ಅದರೊಳಗೆ ತಿಳಿ ಬೂದು ಬಣ್ಣದ ಬಟ್ಟೆಯ ಸೀಟುಗಳಿವೆ, ಚಾವಣಿಯ ಬಟ್ಟೆ ಅದಕ್ಕಿಂತಲೂ ತಿಳಿಯಾದುದು. ಸೈಕಲ್ ತಮ್ಮನದು, ಇನ್ನು ಮುಂದೆ ಅವನನ್ನು ಸವಾರನೆಂದೇ ಕರೆಯುತ್ತೇನೆ. ರಜಾದಿನಗಳಲ್ಲಿ ಅವನು ಸೈಕಲನ್ನು ಕಾರಿನಲ್ಲಿ ಮಲಗಿಸಿಕೊಂಡು ಊರಾಚೆಗೆ ಹೋಗುತ್ತಿದ್ದ ಮತ್ತು ಸಂಜೆ ಅದನ್ನು ಕೆಸರು, ಒದ್ದೆ, ಜಿಡ್ಡು ಸಮೇತ ತುಂಬಿಕೊಂಡು ಹಿಂತಿರುಗುತ್ತಿದ್ದ. ಮಾರನೆಯ ಬೆಳಿಗ್ಗೆ ಅದೇ ಕಾರಿನಲ್ಲಿ ಅಕ್ಕ ಕೆಲಸಕ್ಕೆ ಹೊರಡಬೇಕು.

ಅವನು ಏನನ್ನೂ ಹಾಸದೆ ಸೈಕಲ್ ತುಂಬುತ್ತಿದ್ದವನಲ್ಲ. ಹಿಂದಿನ ಸೀಟುಗಳನ್ನು ಮಡಚಿ, ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದು ಹಳೆಯ ಬೆಡ್‌ಶೀಟ್ ಹಾಸುವುದು ಅವನ ಕ್ರಮವಾಗಿತ್ತು. ಆದರೂ ಕೆಲವು ತಿಂಗಳಲ್ಲಿ ಕಾರಿನ ಒಳಭಾಗ ಅಲ್ಲಲ್ಲಿ ಕಪ್ಪಾಗತೊಡಗಿತು. "ಇಷ್ಟು ದೊಡ್ಡ ಶೀಟ್ ಹಾಸ್ತೀನಲ್ಲಕ್ಕ, ಇನ್ನೇನು ಮಾಡ್ಲಿ?" ಎಂಬುದು ಅವನ ವಾದ. "ಕಲೆ ಶೀಟಿನ ಮೇಲೇ ಬಿದ್ದಿದ್ರೆ ನಾನ್ಯಾಕೋ ಕೇಳ್ತಿದ್ದೆ?" ಎಂಬುದು ಅಕ್ಕನ ಮರುಪ್ರಶ್ನೆ. ಇನ್ನೂ ದಪ್ಪವಾದ, ಇನ್ನೂ ದೊಡ್ಡದಾದ ಹಾಸನ್ನು ಹುಡುಕಿಕೊಡಬೇಕೆಂಬುದು ಅವರಿಬ್ಬರೂ ನನ್ನಲ್ಲಿ ಕೇಳಿದ ಸಹಾಯವಾಗಿತ್ತು. ಅಕ್ಕನ ಮರುಪ್ರಶ್ನೆಯನ್ನು ಸ್ವಲ್ಪ ಗಮನವಿಟ್ಟು ಕೇಳಿದ್ದರೆ ಹಾಸಿನ ದಪ್ಪಕ್ಕೂ ಈ ಸಮಸ್ಯೆಗೂ ಹೆಚ್ಚಿನ ಸಂಬಂಧವಿಲ್ಲವೆಂಬುದು ಆಗಲೇ ತಿಳಿಯುತ್ತಿತ್ತು.

ಕಲೆಗಳ ತನಿಖೆ

ಯಾವುದೇ ಪರಿಹಾರಕ್ಕೆ ಮೊದಲು, ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಎಲ್ಲ ಬಾಗಿಲುಗಳನ್ನು ತೆರೆದು, ಯಾವ ಕಲೆ ಎಲ್ಲಿದೆಯೆಂದು ಒಂದೊಂದನ್ನೂ ನೋಡಿದೆವು. ಚಾವಣಿ ಬಟ್ಟೆಯ ಮೇಲೆ, ಡಿಕ್ಕಿಯ ಬಾಗಿಲಿಗೆ ತುಸು ಒಳಗೆ, ಉಜ್ಜಿದಂತಿದ್ದ ಎರಡು ಗಿಡ್ಡ ಕಪ್ಪು ಗೆರೆಗಳಿದ್ದವು. ಚಾಲಕರ ಪಕ್ಕದ ಮುಂದಿನ ಸೀಟಿನ ಬೆನ್ನಿಗೆ, ಹಲ್ಲುಗಳ ಗುರುತು ಎಣಿಸುವಷ್ಟು ಸ್ಪಷ್ಟವಾಗಿ, ಕಮಾನಿನಾಕಾರದ ಜಿಡ್ಡಿನ ಮುದ್ರೆ ಬಿದ್ದಿತ್ತು. ಡಿಕ್ಕಿಯ ಹೊಸ್ತಿಲಿನ ಪ್ಲಾಸ್ಟಿಕ್ಕಿನಲ್ಲಿ ಗೀರುಗಳಿದ್ದವು ಮತ್ತು ಅದರ ಸುತ್ತಲಿನ ರಬ್ಬರ್ ಪಟ್ಟಿಯ ಸಂದಿಯಲ್ಲಿ ಒಣಗಿದ ಮಣ್ಣು ತುಂಬಿಕೊಂಡಿತ್ತು. ಪಕ್ಕದ ಗೋಡೆಯ ತಿಳಿ ಬಣ್ಣದ ಪ್ಲಾಸ್ಟಿಕ್ ಮೇಲೆ ಎಷ್ಟು ಒರೆಸಿದರೂ ಹೋಗದ ಕಂದು ಛಾಯೆಯೊಂದಿತ್ತು. ಸೀಟು ಮಡಚುವ ಸನ್ನೆ, ಡಿಕ್ಕಿಯನ್ನು ಕೆಳಗೆಳೆಯುವ ಒಳಹಿಡಿ ಮತ್ತು ಸ್ಟಿಯರಿಂಗಿನ ಮೇಲೆ ಬೆರಳಚ್ಚುಗಳಿದ್ದವು. ಚಾಲಕರ ಸೀಟಿನ ಮುಂದಿನ ಅಂಚಿನಲ್ಲಿಯೂ ಜಿಡ್ಡಿತ್ತು; ಸೈಕಲ್ ಅಲ್ಲಿಗೆ ಎಂದೂ ತಲುಪುವುದಿಲ್ಲವಾದ್ದರಿಂದ ಇದು ಎಲ್ಲರಿಗೂ ಒಗಟಾಯಿತು. ಕೊನೆಯದಾಗಿ, ಪ್ಲಾಸ್ಟಿಕ್ ಹಾಳೆಯ ಕೆಳಗೇ, ನೆಲದ ಕಾರ್ಪೆಟ್ಟಿನ ಒಂದು ಮೂಲೆಯಲ್ಲಿ, ನೀರು ಇಂಗಿ ಒಣಗಿದ ಉಂಗುರವಿತ್ತು.

ಹಾಸು ಮುಚ್ಚಿದ್ದ ಜಾಗದಲ್ಲಿ ಇದ್ದುದು ಆ ಉಂಗುರವೊಂದೇ. ಉಳಿದವೆಲ್ಲ ಸೈಕಲ್ ಮಲಗಿದ್ದ ಜಾಗದಲ್ಲಿ ಬಿದ್ದವಲ್ಲ. ಅದು ಒಳಗೆ ಹೋಗುವಾಗ, ಹೊರಗೆ ಬರುವಾಗ, ಅಥವಾ ಅದನ್ನು ಮುಟ್ಟಿದ ಕೈಕಾಲುಗಳು ಕಾರನ್ನು ಮುಟ್ಟಿದಾಗ ಬಿದ್ದವು. ಹಾಸು ಎಂಬುದು ಸೈಕಲ್ ಸುಮ್ಮನೆ ಮಲಗಿರುವ ಹೊತ್ತಿಗೆ ಮಾತ್ರ ಕಾವಲು, ಮತ್ತು ಕಾರು ಕೊಳೆಯಾಗುವುದು ಬಹುಮಟ್ಟಿಗೆ ಆ ಹೊತ್ತಿನಲ್ಲಲ್ಲ. ಹೀಗಾಗಿ ಬದಲಾಗಬೇಕಾದದ್ದು ತುಂಬುವ ಮತ್ತು ಇಳಿಸುವ ಕ್ರಮ ಎಂದು ತೀರ್ಮಾನಿಸಿ, ಒಂದೊಂದು ಕಲೆಯನ್ನೂ ಅದರ ಮೂಲಕ್ಕೆ ಹಿಂಬಾಲಿಸಿದೆವು.

ಚಾವಣಿಯ ಗೆರೆಗಳಿಗೆ ಅಳತೆ ಟೇಪೇ ಉತ್ತರ ಹೇಳಿತು. ಸೈಕಲಿನ ಹ್ಯಾಂಡಲ್ 74 ಸೆಂ.ಮೀ. ಅಗಲವಿತ್ತು, ಡಿಕ್ಕಿಯ ಬಾಗಿಲು, ಹೊಸ್ತಿಲಿನಿಂದ ಮೇಲಂಚಿನವರೆಗೆ, 70 ಸೆಂ.ಮೀ. ಇತ್ತು. ಸೈಕಲನ್ನು ಮಗ್ಗುಲಾಗಿ ಮಲಗಿಸಿದಾಗ ಹ್ಯಾಂಡಲ್ ಬಹುತೇಕ ನೆಟ್ಟಗೆ ನಿಲ್ಲುತ್ತದೆ, ಆದ್ದರಿಂದ ಅದರ ಒಂದು ತುದಿ ಹಾಸನ್ನು ಒತ್ತುತ್ತಿದ್ದರೆ ಇನ್ನೊಂದು ತುದಿಯ ರಬ್ಬರ್ ಹಿಡಿ ಚಾವಣಿಯನ್ನು ಉಜ್ಜಿಕೊಂಡೇ ಒಳಗೆ ಹೋಗಬೇಕಾಗುತ್ತದೆ. ಇದಕ್ಕೆ ಹ್ಯಾಂಡಲ್ಲಿನ ಬೋಲ್ಟುಗಳನ್ನು ಸಡಿಲಿಸಿ ತಿರುಗಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಆದರೆ ಪ್ರತಿ ಸಲವೂ ಅದನ್ನು ಮತ್ತೆ ನೇರಗೊಳಿಸಿ ಸರಿಯಾದ ಬಿಗಿಗೆ ತರಬೇಕಾಗುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಮುಂದಿನ ಚಕ್ರವನ್ನು ಕಳಚಿದ ಮೇಲೆ, ಆ ಚಕ್ರವನ್ನು ಹಿಡಿದಿರುವ ಕವಲನ್ನೇ, ಅಂದರೆ ಫೋರ್ಕನ್ನೇ, ಕಾಲು ಸುತ್ತು ತಿರುಗಿಸಿದರೆ ಹ್ಯಾಂಡಲ್ ತಾನಾಗಿ ಸೈಕಲಿನ ಚೌಕಟ್ಟಿಗೆ ಸಮಾನಾಂತರವಾಗಿ ಮಲಗುತ್ತದೆ ಮತ್ತು ಯಾವ ಬೋಲ್ಟನ್ನೂ ಮುಟ್ಟಬೇಕಾಗುವುದಿಲ್ಲ. ಬ್ರೇಕಿನ ಹಾಗೂ ಗೇರಿನ ತಂತಿಗಳು ಆ ತಿರುವಿನಲ್ಲಿ ಬಿಗಿಯಾಗಿ ಎಳೆಯಲ್ಪಡುವುದಿಲ್ಲವೆಂದು ಮೊದಲ ಸಲ ನೋಡಿಕೊಂಡರೆ ಸಾಕು.

ಚೈನಿನ ಮುದ್ರೆ, ಮತ್ತು ಯಾವ ತುದಿ ಮೊದಲು ಎಂಬ ಪ್ರಶ್ನೆ

ಸೀಟಿನ ಬೆನ್ನಿನ ಮೇಲಿನ ಹಲ್ಲುಗುರುತು ಎಲ್ಲಕ್ಕಿಂತ ಕೆಟ್ಟ ಕಲೆಯಾಗಿತ್ತು. ಸೈಕಲಿನ ಕೆಸರು ಒಣಗಿದ ಮೇಲೆ ಬಹುಪಾಲು ಉದುರುತ್ತದೆ, ಉಳಿದದ್ದನ್ನು ತೊಳೆಯಬಹುದು. ಚೈನಿನ ಕಪ್ಪು ಹಾಗಲ್ಲ. ಅದು ಎಣ್ಣೆ, ನುಣ್ಣನೆಯ ಧೂಳು ಮತ್ತು ಸವೆದ ಲೋಹದ ಕಣಗಳು ಸೇರಿದ ಲೇಪ, ಬಟ್ಟೆಯ ಎಳೆಗಳ ನಡುವೆ ಒಮ್ಮೆ ಒತ್ತಲ್ಪಟ್ಟರೆ ಅಲ್ಲಿಯೇ ನೆಲೆಸುತ್ತದೆ. ಹೊರಡುವ ಮುನ್ನ ಚೈನಿಗೆ ಧಾರಾಳವಾಗಿ ಎಣ್ಣೆ ಬಿಡುವ ರೂಢಿ ಸವಾರನಿಗಿತ್ತು. ಚೈನಿಗೆ ಎಣ್ಣೆ ಬೇಕಾಗುವುದು ಕೊಂಡಿಗಳ ಒಳಗೆ. ಹೊರಮೈಯಲ್ಲಿ ಉಳಿದದ್ದು ಧೂಳನ್ನು ಹಿಡಿದಿಡುವ ಅಂಟಾಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಇಂಗಲು ಬಿಟ್ಟು, ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಹೊರಮೈಯನ್ನು ಒರೆಸುವುದು, ಮತ್ತು ಆ ಕೆಲಸವನ್ನು ಹೊರಡುವ ಗಳಿಗೆಯಲ್ಲಿ ಮಾಡದೆ ಹಿಂದಿನ ರಾತ್ರಿಯೇ ಮುಗಿಸುವುದು, ಈ ಪ್ರಕರಣದಲ್ಲಿ ಆದ ಮೊದಲ ಬದಲಾವಣೆ. ಒಣ ಹವೆಯ ದಿನಗಳಿಗೆ ಮೇಣ ಆಧಾರಿತ ಲೇಪವನ್ನು ಬಳಸಿದರೆ ಕಪ್ಪು ಇನ್ನೂ ಕಡಿಮೆಯಾಗುತ್ತದೆ. ಒದ್ದೆ ಹಾದಿಯಲ್ಲಿ ಅದು ಬೇಗ ಕೊಚ್ಚಿಹೋಗುತ್ತದೆಂಬ ಕಾರಣಕ್ಕೆ ಸವಾರ ಒಪ್ಪಲಿಲ್ಲ, ಮತ್ತು ಅವನ ಹಾದಿಗಳನ್ನು ನೋಡಿದರೆ ಅವನ ಮಾತಿನಲ್ಲಿ ಹುರುಳಿದೆ.

ಎರಡನೆಯ ಪ್ರಶ್ನೆ, ಸೈಕಲನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂಬುದು. ಚೈನು ಕೆಳಗಾದರೆ ಕೊಳೆಯೆಲ್ಲ ಹಾಸಿಗೇ ಹೋಗುತ್ತದೆಂದು ಸವಾರ ಎಣಿಸಿದ್ದ. ತರ್ಕ ಸರಿಯೆನಿಸಿದರೂ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಚೈನಿನ ಬದಿಯಲ್ಲೇ, ಗೇರು ಬದಲಿಸುವಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಇರುತ್ತದೆ. ಅದನ್ನು ಚೌಕಟ್ಟಿಗೆ ಸೇರಿಸುವ ಸಣ್ಣ ಲೋಹದ ತುಂಡು, ಪೆಟ್ಟು ಬಿದ್ದಾಗ ಚೌಕಟ್ಟಿನ ಬದಲು ತಾನು ಬಾಗಲೆಂದೇ, ಬಹಳಷ್ಟು ಸೈಕಲ್‌ಗಳಲ್ಲಿ ಮೆದುವಾಗಿಯೇ ಮಾಡಲ್ಪಟ್ಟಿರುತ್ತದೆ. ಸೈಕಲಿನ ಭಾರ ಅದರ ಮೇಲೆ ಕೂತು, ಕಾರು ಉಬ್ಬುತಗ್ಗುಗಳಲ್ಲಿ ಕುಲುಕಿದರೆ ಅದು ಒಳಕ್ಕೆ ಬಾಗುತ್ತದೆ, ಗೇರುಗಳು ತಮ್ಮಷ್ಟಕ್ಕೆ ಜಿಗಿಯತೊಡಗುತ್ತವೆ. ಈ ಸೈಕಲಿನಲ್ಲಿಯೂ ಅದು ತುಸು ಬಾಗಿತ್ತು. ಆದ್ದರಿಂದ ಚೈನು ಮೇಲೆ ಬರುವಂತೆ ಮಲಗಿಸುವುದೇ ಸರಿ. ಅದರ ಕೊಳೆಯನ್ನು ಹಾಸಿಗೆ ಬಿಡದೆ ಚೈನಿನ ಮೇಲೇ ತಡೆಯಬೇಕು. ಇದಕ್ಕೆ ಒಂದು ಹಳೆಯ ಪ್ಯಾಂಟಿನ ಕಾಲನ್ನು ಉದ್ದಕ್ಕೆ ಸೀಳಿ, ಪೆಡಲಿನ ಬಳಿಯ ಹಲ್ಲುಚಕ್ರದಿಂದ ಡಿರೇಲರ್‌ವರೆಗೆ ಸುತ್ತಿ, ಮೂರು ಕಡೆ ಪಟ್ಟಿಯಿಂದ ಬಿಗಿಯುವ ಮುಸುಕನ್ನು ಮಾಡಿಕೊಂಡರು. ಸಿದ್ಧವಾಗಿ ದೊರೆಯುವ ಚೈನ್ ಮುಸುಕುಗಳೂ ಇವೆ. ಕೆಲಸ ಎರಡರಿಂದಲೂ ಒಂದೇ.

ಮೂರನೆಯ ಪ್ರಶ್ನೆಯೇ ಈ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟದ್ದು. ಸವಾರ ಇಲ್ಲಿಯವರೆಗೆ ಹಿಂದಿನ ಚಕ್ರವನ್ನು ಮುಂದೆ ಮಾಡಿ ಸೈಕಲನ್ನು ಒಳಗೆ ತಳ್ಳುತ್ತಿದ್ದ. ಹಾಗೆ ಮಾಡಿದಾಗ ಸೈಕಲಿನ ಅತಿ ಕೊಳಕಾದ ಭಾಗ, ಅಂದರೆ ಚೈನು, ಹಲ್ಲುಚಕ್ರ ಮತ್ತು ಹಿಂದಿನ ಟೈರು, ಹೊಸ್ತಿಲನ್ನು ದಾಟಿ, ರಬ್ಬರ್ ಪಟ್ಟಿಯನ್ನು ಸವರಿ, ಕಾರಿನ ಉದ್ದಕ್ಕೂ ಪ್ರಯಾಣ ಮಾಡಿ ಮುಂದಿನ ಸೀಟಿನ ಬೆನ್ನಿಗೆ ಹೋಗಿ ನಿಲ್ಲುತ್ತಿತ್ತು. ಹೊರಗೆ ತೆಗೆಯುವಾಗ ಅಷ್ಟೇ ದೂರ ವಾಪಸು ಬರುತ್ತಿತ್ತು. ಅದನ್ನು ಸರಿಯಾಗಿ ಕೂರಿಸಲು ಅವನು ಕೆಸರಿನ ಬೂಟಿನಲ್ಲಿ ಹೊಸ್ತಿಲಿನ ಮೇಲೆ ಮಂಡಿಯೂರಿ ಒಳಗೆ ಬಾಗಬೇಕಾಗಿತ್ತು. ಇದನ್ನು ತಿರುವುಮುರುವು ಮಾಡಿ, ಫೋರ್ಕಿನ ತುದಿ ಮೊದಲು ಒಳಗೆ ಹೋಗುವಂತೆ ಮಾಡಿದಾಗ, ಕಾರಿನ ಒಳಗೆಲ್ಲ ಹಾದುಹೋಗುವುದು ಹ್ಯಾಂಡಲ್, ಮೇಲಿನ ಕೊಳವೆ ಮೊದಲಾದ ಬೇಗ ಒರೆಸಿ ಶುಚಿ ಮಾಡಬಹುದಾದ ಭಾಗಗಳು. ಚೈನು ಮತ್ತು ಹಿಂದಿನ ಚಕ್ರ ಡಿಕ್ಕಿಯ ಬಾಗಿಲಿನ ಹತ್ತಿರವೇ ಉಳಿಯುತ್ತವೆ, ಹೊರಗೆ ನಿಂತೇ ಅವುಗಳನ್ನು ಎತ್ತಿ ಇಳಿಸಬಹುದು. ಇಲ್ಲೊಂದು ಮಾತು ಸೇರಿಸಬೇಕು: ಹಿಂದಿನ ಚಕ್ರ ಈಗ ಡಿಕ್ಕಿಯ ಮುಚ್ಚಳದ ಒಳಮೈಗೆ ಬಹಳ ಹತ್ತಿರವಾಗುವುದರಿಂದ ಅದಕ್ಕೊಂದು ಚೀಲವನ್ನು ತೊಡಿಸಲೇಬೇಕು, ಇಲ್ಲವಾದರೆ ಸೀಟಿನ ಬದಲು ಮುಚ್ಚಳ ಕೊಳೆಯಾಗುತ್ತದೆ. ಫೋರ್ಕಿನ ಬರಿದಾದ ತುದಿಗಳು ಚೂಪಾಗಿರುವುದರಿಂದ ಅವುಗಳಿಗೂ ಸೀಳಿದ ಟೆನಿಸ್ ಚೆಂಡುಗಳನ್ನು ಸಿಕ್ಕಿಸಿದರು.

ಇದೆಲ್ಲ ಸಾಧ್ಯವಾಗಲು ಜಾಗದ ಲೆಕ್ಕ ಸರಿಹೊಂದಬೇಕು. ಸೈಕಲಿನ ಚಕ್ರದ ರಿಮ್ 622 ಮಿ.ಮೀ. ವ್ಯಾಸದ್ದು, ದಪ್ಪ ಟೈರು ಸೇರಿದರೆ ಚಕ್ರದ ಹೊರವ್ಯಾಸ ಸುಮಾರು 74 ಸೆಂ.ಮೀ. ಆಗುತ್ತದೆ. ಎರಡು ಅಚ್ಚುಗಳ ನಡುವಿನ ಅಂತರ 115 ಸೆಂ.ಮೀ. ಇರುವುದರಿಂದ ಇಡೀ ಸೈಕಲಿನ ಉದ್ದ 189 ಸೆಂ.ಮೀ. ಮುಂದಿನ ಚಕ್ರ ಕಳಚಿದರೆ ಅದು 152 ಸೆಂ.ಮೀ.ಗೆ ಇಳಿಯುತ್ತದೆ. ಸೀಟು ಮಡಚಿದ ನೆಲದ ಉದ್ದ 140 ಸೆಂ.ಮೀ. ಮಾತ್ರ ಇದ್ದಿತಾದರೂ, ಚಾಲಕರ ಪಕ್ಕದ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿದಾಗ ಆ ಬದಿಯಲ್ಲಿ 160 ಸೆಂ.ಮೀ. ಸಿಕ್ಕಿತು. ಹಾಗಾಗಿ ಹಿಂದಿನ ಚಕ್ರವನ್ನು ಕಳಚುವ ಅಗತ್ಯವೇ ಬೀಳಲಿಲ್ಲ. ಇದು ಸಣ್ಣ ಲಾಭವಲ್ಲ. ಹಿಂದಿನ ಚಕ್ರವನ್ನು ತೆಗೆಯುವುದೆಂದರೆ ಚೈನಿಗೆ ಕೈ ಹಾಕುವುದು. ತೆಗೆದ ಮೇಲೆ ಚೈನು ಜೋತುಬಿದ್ದು ಅಲುಗಾಡುತ್ತ ಸುತ್ತಲಿನದಕ್ಕೆಲ್ಲ ಬಳಿಯುತ್ತದೆ. ಸೀಟಿನ ಕಂಬವನ್ನು ಮಾತ್ರ ಕೆಳಗಿಳಿಸಬೇಕಾಯಿತು. ಮೊದಲಿನ ಎತ್ತರ ತಪ್ಪದಿರಲೆಂದು ಅದಕ್ಕೆ ಬಣ್ಣದ ಟೇಪಿನ ಗುರುತು ಹಾಕಿದರು.

ನೀರು, ರಬ್ಬರು, ಕೈ, ಕಾಲು

ಪ್ಲಾಸ್ಟಿಕ್ ಹಾಳೆಯ ಕೆಳಗಿನ ಉಂಗುರಕ್ಕೆ ಕಾರಣ ಹಾಳೆಯೇ. ಪ್ಲಾಸ್ಟಿಕ್ ನೀರನ್ನು ಹೀರುವುದಿಲ್ಲ, ಬರಿಯ ದಾರಿ ತೋರಿಸುತ್ತದೆ. ತಿರುವಿನಲ್ಲಿ ಅಥವಾ ಏರುದಾರಿಯಲ್ಲಿ ಮಡಿಕೆಗಳ ಗುಂಟ ಹರಿದ ನೀರು ಅಂಚಿನಿಂದ ಜಾರಿ ಕಾರ್ಪೆಟ್ಟಿಗೆ ಇಳಿಯುತ್ತದೆ. ತೆಳುವಾದ ಬೆಡ್‌ಶೀಟ್ ಅಷ್ಟು ನೀರನ್ನು ಹಿಡಿದಿಡಲಾರದು. ನೀರು ಬರುತ್ತಿದ್ದುದು ಟೈರಿನಿಂದ ಮಾತ್ರವಲ್ಲ ಎಂಬುದೂ ಇಲ್ಲಿ ಗಮನಿಸಬೇಕಾದ ಸಂಗತಿ: ಮಳೆಯಲ್ಲಿ ಓಡಿಸಿದ ಅಥವಾ ಪೈಪಿನಿಂದ ತೊಳೆದ ಸೈಕಲಿನ ಚೌಕಟ್ಟಿನ ಕೊಳವೆಗಳೊಳಗೆ, ಸೀಟಿನ ಕಂಬದ ಸೀಳಿನ ಮೂಲಕ, ನೀರು ಸೇರಿಕೊಂಡಿರುತ್ತದೆ, ಮತ್ತು ನಿಂತಿರುವಾಗ ಸುಮ್ಮನಿದ್ದ ಆ ನೀರು ಸೈಕಲ್ ಮಲಗಿದೊಡನೆ ಹೊರಗೆ ಹರಿಯುತ್ತದೆ. ಕುಡಿಯುವ ನೀರಿನ ಬಾಟಲಿಯೂ ಹಾಗೆಯೇ. ಈಗ ಅಂಚುಗಳನ್ನು ಒಂದು ಗೇಣು ಮೇಲಕ್ಕೆ ಮಡಚಿ ಮೂಲೆಗಳನ್ನು ಕ್ಲಿಪ್ಪಿನಿಂದ ಹಿಡಿಸಿದ ಟಾರ್ಪಾಲು ಕೆಳಗಿದೆ, ಅದರ ಮೇಲೊಂದು ದಪ್ಪ ಹತ್ತಿಯ ಕಂಬಳಿಯಿದೆ. ಹೀರುವುದು ಕಂಬಳಿ, ತಡೆಯುವುದು ಟಾರ್ಪಾಲು. ಟಾರ್ಪಾಲಿನ ಒಂದು ತುದಿ ಹೊಸ್ತಿಲನ್ನು ದಾಟಿ ಬಂಪರಿನ ಮೇಲೆ ಇಳಿಬೀಳುವಷ್ಟು ಉದ್ದವಿದೆ. ಸೈಕಲ್ ತುಂಬಿದ ಮೇಲೆ ಆ ಸೆರಗನ್ನು ಒಳಕ್ಕೆ ಮಡಚಿ ಚಕ್ರದ ಮೇಲೆ ಹೊದಿಸುತ್ತಾರೆ. ಹೊಸ್ತಿಲಿನ ಗೀರು, ರಬ್ಬರ್ ಪಟ್ಟಿಯ ಮಣ್ಣು ಎರಡೂ ಇದರಿಂದ ನಿಂತವು.

ಪಕ್ಕದ ಪ್ಲಾಸ್ಟಿಕ್ಕಿನ ಕಂದು ಛಾಯೆ ಕೊಳೆಯೇ ಅಲ್ಲ. ಟೈರಿನ ರಬ್ಬರಿಗೆ ಅದು ಬಿರುಕು ಬಿಡದಿರಲೆಂದು ಬೆರೆಸಿರುವ ರಾಸಾಯನಿಕಗಳು ನಿಧಾನವಾಗಿ ಮೇಲ್ಮೈಗೆ ಬರುತ್ತವೆ. ತಿಳಿ ಬಣ್ಣದ ಪ್ಲಾಸ್ಟಿಕ್ಕಿಗೆ ಟೈರು ಗಂಟೆಗಟ್ಟಲೆ ಆನಿಕೊಂಡಿದ್ದರೆ, ಅದರಲ್ಲೂ ಬಿಸಿಲಿನಲ್ಲಿ ಕಾದ ಕಾರಿನಲ್ಲಿ, ಅವು ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದು ಬಣ್ಣ ಕೆಡಿಸುತ್ತವೆ. ತೊಳೆದು ಶುಚಿಯಾದ ಟೈರಿನಿಂದಲೂ ಹೀಗಾಗಬಹುದಾದ್ದರಿಂದ, ಕಳಚಿದ ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ ನಿಲ್ಲಿಸುವುದನ್ನು ಬಿಟ್ಟು, ಚೀಲದಲ್ಲಿ ಹಾಕಿ ಸೈಕಲಿನ ಮೇಲೆ ಮಲಗಿಸಿ, ನಡುವೆ ಮಡಚಿದ ಬಟ್ಟೆಯೊಂದನ್ನು ಇಡುವುದೆಂದು ಗೊತ್ತುಮಾಡಿದರು.

ಬೆರಳಚ್ಚುಗಳ ವಿಚಾರ ಸರಳವೆನಿಸಿದರೂ ಎಲ್ಲರೂ ಎಡವುವುದು ಅಲ್ಲಿಯೇ. ಚಕ್ರ ಕಳಚಿ ಜಿಡ್ಡಾದ ಕೈಯಲ್ಲಿಯೇ ಸೀಟು ಮಡಚುವುದು, ಹಾಸನ್ನು ಸರಿಪಡಿಸುವುದು, ಡಿಕ್ಕಿಯನ್ನು ಎಳೆದು ಮುಚ್ಚುವುದು, ಬೀಗದಕೈ ಹುಡುಕುವುದು, ಇವೆಲ್ಲ ಒಂದರ ಹಿಂದೊಂದು ನಡೆದುಹೋಗುತ್ತವೆ. ಕೈಗವಸು ಹಾಕಿಕೊಂಡರೆ ಸಾಕೆಂದು ಸವಾರ ಹೇಳಿದ. ಕೈಗವಸು ರಕ್ಷಿಸುವುದು ಕೈಯನ್ನು. ಅದೇ ಗವಸಿನಲ್ಲಿ ಡಿಕ್ಕಿ ಮುಚ್ಚಿದರೆ ಹಿಡಿಗೆ ಅಂಟುವ ಜಿಡ್ಡು ಕಡಿಮೆಯೇನೂ ಆಗದು. ಕಾರನ್ನು ಮುಟ್ಟುವ ಕೆಲಸಗಳೆಲ್ಲ ಮೊದಲು, ಸೈಕಲನ್ನು ಮುಟ್ಟುವ ಕೆಲಸಗಳೆಲ್ಲ ಅನಂತರ, ಗವಸು ಕಳಚಿ ಕೈ ಒರೆಸಿಕೊಂಡ ಮೇಲೆಯೇ ಡಿಕ್ಕಿ ಮುಚ್ಚುವುದು: ಇಷ್ಟು ಕಟ್ಟುನಿಟ್ಟಾದ ಮೇಲೆ ಬೆರಳಚ್ಚುಗಳು ಮಾಯವಾದವು.

ಚಾಲಕರ ಸೀಟಿನ ಅಂಚಿನ ಒಗಟನ್ನು ಬಿಡಿಸಿದವರು ಅಕ್ಕ. ಸವಾರಿ ಮುಗಿಸಿ ಬಂದ ತಮ್ಮನ ಬಲಗಾಲಿನ ಮೀನಖಂಡವನ್ನು ಅವರು ಬೆರಳು ಮಾಡಿ ತೋರಿಸಿದರು. ಅಲ್ಲಿ ಹಲ್ಲುಚಕ್ರದ ಕಪ್ಪು ಅಚ್ಚು ಸಾಲಾಗಿ ಮೂಡಿತ್ತು. ಚೈನು ಇರುವುದು ಸೈಕಲಿನ ಬಲಬದಿಯಲ್ಲಿ, ನಿಂತಾಗ ಕಾಲು ತಾಗುವುದು ಅದಕ್ಕೇ, ಮತ್ತು ಅದೇ ಕಾಲು ಅನಂತರ ಚಾಲಕರ ಸೀಟಿನ ಮುಂದಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಸೈಕಲಿಗಾಗಿ ಇಷ್ಟೆಲ್ಲ ಹಾಸುವಾಗ ಸವಾರನಿಗಾಗಿ ಏನನ್ನೂ ಹಾಸಿರಲಿಲ್ಲ. ಈಗ ಚಾಲಕರ ಸೀಟಿನ ಮೇಲೆ ತೊಳೆಯಬಹುದಾದ ಟವೆಲ್ಲೊಂದಿದೆ, ಬೇರೆ ಜೊತೆ ಚಪ್ಪಲಿ ಕಾರಿನಲ್ಲಿಯೇ ಇರುತ್ತದೆ, ಕೆಸರಿನ ಬೂಟುಗಳು ಡಬ್ಬಿಯೊಳಗೆ ಹೋಗುತ್ತವೆ.

ಹೊಸ ಕ್ರಮ

ಸವಾರಿ ಮುಗಿದ ಮೇಲೆ ಸೈಕಲನ್ನು ಕಾರಿಗೆ ಒರಗಿಸದೆ ಸ್ವಲ್ಪ ದೂರದಲ್ಲಿ ನಿಲ್ಲಿಸುತ್ತಾರೆ. ನೀರು ಇಳಿಯಲು, ಕೆಸರು ತುಸು ಒಣಗಲು ಆ ಹೊತ್ತು ಬೇಕು. ಅಷ್ಟರಲ್ಲಿ ಶುಚಿಯಾದ ಕೈಯಲ್ಲಿ ಕಾರಿನ ಎಲ್ಲ ಬಾಗಿಲು ತೆರೆದು, ಸೀಟು ಮಡಚಿ, ಮುಂದಿನ ಸೀಟನ್ನು ಸರಿಸಿ ಅದರ ಬೆನ್ನಿಗೆ ಹಳೆಯ ಬಟ್ಟೆ ಹೊದಿಸಿ, ಟಾರ್ಪಾಲು ಮತ್ತು ಕಂಬಳಿಯನ್ನು ಹಾಸಿ, ಸೈಕಲನ್ನು ಬಿಗಿಯಲು ಬೇಕಾದ ಪಟ್ಟಿಗಳನ್ನು ಕೊಂಡಿಗಳಿಗೆ ಮೊದಲೇ ಸಿಕ್ಕಿಸಿಡುತ್ತಾರೆ. ಅನಂತರ ಗಡುಸು ಕುಂಚದಿಂದ ಟೈರು, ಫೋರ್ಕಿನ ಒಳಮೈ ಮತ್ತು ಪೆಡಲಿನ ಕೆಳಗಿನ ಭಾಗದ ಮಣ್ಣನ್ನು ಕೆಡವುತ್ತಾರೆ. ಮಣ್ಣಿನ ದೊಡ್ಡ ಹೆಂಟೆಗಳು ಅಡಗುವುದು ಪೆಡಲಿನ ಅಚ್ಚಿನ ಕೆಳಗೆ, ಯಾರೂ ನೋಡದ ಕಡೆ. ಚೈನನ್ನು ಒರೆಸಿ ಮುಸುಕು ಹಾಕಿದ ಮೇಲೆಯೇ ಮುಂದಿನ ಚಕ್ರ ಕಳಚುವುದು.

ಚಕ್ರ ಕಳಚಿದೊಡನೆ ಬ್ರೇಕಿನ ಎರಡು ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡೊಂದನ್ನು ಸಿಕ್ಕಿಸಬೇಕು. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನಲ್ಲಿ ಡಿಸ್ಕ್ ಇಲ್ಲದಿರುವಾಗ ಹಿಡಿಯನ್ನು ಯಾರಾದರೂ ಒತ್ತಿದರೆ, ಅಥವಾ ತುಂಬುವ ಗಡಿಬಿಡಿಯಲ್ಲಿ ಅದು ತಾನೇ ಒತ್ತಲ್ಪಟ್ಟರೆ, ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು, ಚಕ್ರವನ್ನು ಮತ್ತೆ ಹಾಕಲಾಗದ ಸ್ಥಿತಿ ಬರುತ್ತದೆ. ಹಲವು ಹೊತ್ತು ಮಲಗಿದ್ದ ಸೈಕಲನ್ನು ಇಳಿಸಿ ನಿಲ್ಲಿಸಿದಾಗ ಬ್ರೇಕಿನ ಹಿಡಿ ಮೆತ್ತಗಾಗಿದ್ದರೆ, ಬ್ರೇಕಿನ ದ್ರವದಲ್ಲಿದ್ದ ಗಾಳಿಯ ಗುಳ್ಳೆ ಸ್ಥಳ ಬದಲಿಸಿರಬಹುದು. ಹಲವು ಸಲ ಒತ್ತಿ, ಬಿಗಿ ಮರಳಿದ ಮೇಲೆಯೇ ಸವಾರಿ ಹೊರಡಬೇಕು.

ಕೊಳೆ ಸೈಕಲಿನಿಂದ ಕಾರಿಗೆ ಮಾತ್ರ ಹರಿಯುತ್ತದೆಂದೂ ತಿಳಿಯಬಾರದು. ಕಾರಿನ ಒಳಭಾಗ ಹೊಳೆಯಲೆಂದು ಸಿಂಪಡಿಸುವ ಸಿಲಿಕೋನ್ ಪಾಲಿಶ್ ಬ್ರೇಕಿನ ಡಿಸ್ಕಿಗೆ ತಾಗಿದರೆ ಪ್ಯಾಡುಗಳ ಹಿಡಿತ ಕೆಡುತ್ತದೆ, ಕಿರುಚಾಟ ಶುರುವಾಗುತ್ತದೆ. ಚಕ್ರಕ್ಕೆ ಚೀಲ ತೊಡಿಸುವುದರಿಂದ ಆ ಭಯವೂ ತಪ್ಪುತ್ತದೆ. ಆದರೆ ಉದ್ದನೆಯ ಇಳಿಜಾರನ್ನು ಇಳಿದು ಬಂದ ಕೂಡಲೇ ಚೀಲ ತೊಡಿಸಬಾರದು, ಏಕೆಂದರೆ ಡಿಸ್ಕ್ ಆಗ ಪ್ಲಾಸ್ಟಿಕ್ಕನ್ನು ಕರಗಿಸುವಷ್ಟು ಕಾದಿರಬಹುದು.

ಕಟ್ಟುವ ವಿಷಯದಲ್ಲಿ ಸವಾರನಿಗೆ ಮೊದಲು ಉದಾಸೀನವಿತ್ತು. ಮಲಗಿರುವ ಸೈಕಲ್ ಎಲ್ಲಿಗೆ ಹೋದೀತು ಎಂಬ ಭಾವ. ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ಸರಿಯುತ್ತದೆ, ಸರಿದಾಗ ಹಾಸೂ ಜೊತೆಗೆ ಸರಿದು ಮುಚ್ಚಿದ ಜಾಗ ತೆರೆದುಕೊಳ್ಳುತ್ತದೆ, ಹೀಗೆ ಶುಚಿತ್ವದ ದೃಷ್ಟಿಯಿಂದಲೇ ಕಟ್ಟುವುದು ಅಗತ್ಯ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಅಪಘಾತದಲ್ಲಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟರೆ, ಒಳಗಿನ ವಸ್ತುವನ್ನು ಅಷ್ಟೇ ಬೇಗ ನಿಲ್ಲಿಸಲು ಅದರ ತೂಕದ ಸುಮಾರು 20 ಪಟ್ಟು ಬಲ ಬೇಕಾಗುತ್ತದೆ. 13 ಕಿಲೋ ಸೈಕಲಿಗೆ ಅದು ಸುಮಾರು 260 ಕಿಲೋ ಭಾರಕ್ಕೆ ಸಮ. ಸೀಟನ್ನು ಮಡಚಿದ್ದರಿಂದ ಆ ಬಲಕ್ಕೆ ಅಡ್ಡವಾಗಿ ಉಳಿದಿರುವುದು ಮುಂದಿನ ಸೀಟುಗಳ ಬೆನ್ನು ಮಾತ್ರ. ಆದ್ದರಿಂದ ಚೌಕಟ್ಟನ್ನು ಎರಡು ಕಡೆ ಪಟ್ಟಿಯಿಂದ ಡಿಕ್ಕಿಯ ನೆಲದ ಲೋಹದ ಕೊಂಡಿಗಳಿಗೆ ಬಿಗಿಯುತ್ತಾರೆ. ರಬ್ಬರ್ ಹಗ್ಗ ಹಿಗ್ಗುವುದರಿಂದ ಅದು ಸಲ್ಲದು. ಸೈಕಲ್ ಇರುವಾಗ ಸರಿಸಿದ ಸೀಟಿನಲ್ಲಾಗಲಿ, ಮಡಚದೆ ಉಳಿದ ಹಿಂದಿನ ಅರೆಸೀಟಿನಲ್ಲಾಗಲಿ ಯಾರನ್ನೂ ಕೂರಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸವಾರನ ಗೆಳೆಯನೊಬ್ಬನಿಗೆ ಇದರಿಂದ ಬೇಸರವಾಗಿದೆ.

ಇಷ್ಟೆಲ್ಲ ತೊಂದರೆಯ ಬದಲು ಕಾರಿನ ಹೊರಗೆ ಸೈಕಲ್ ಸ್ಟ್ಯಾಂಡನ್ನು ಏಕೆ ಹಾಕಿಸಬಾರದೆಂಬ ಪ್ರಶ್ನೆ ಸಹಜ. ಇಲ್ಲಿ ಕಾರು ವಾರವಿಡೀ ಅಕ್ಕನ ಬಳಕೆಯಲ್ಲಿರುತ್ತದೆ, ಹಿಂಬದಿಯ ಸ್ಟ್ಯಾಂಡ್ ಸಂಖ್ಯಾಫಲಕವನ್ನೂ ದೀಪಗಳನ್ನೂ ಮರೆಮಾಡುತ್ತದೆ, ಚಾವಣಿಯ ಸ್ಟ್ಯಾಂಡಿಗೆ ಸೈಕಲನ್ನು ಒಬ್ಬನೇ ಎತ್ತಬೇಕು. ಅವರಿಗೆ ಒಳಗೇ ಸಾಗಿಸುವುದು ಒಪ್ಪಿತವಾಯಿತು.

ಹಳೆಯ ಕಲೆಗಳ ಗತಿ

ಸೀಟಿನ ಬೆನ್ನಿನ ಜಿಡ್ಡನ್ನು ಅಕ್ಕ ಒಮ್ಮೆ ಒದ್ದೆ ಬಟ್ಟೆಯಿಂದ ಉಜ್ಜಿದ್ದರಿಂದ ಅದು ಅಂಗೈಯಗಲ ಹರಡಿತ್ತು. ಉಜ್ಜುವುದು ಜಿಡ್ಡನ್ನು ಎಳೆಗಳ ಆಳಕ್ಕೆ ತಳ್ಳುತ್ತದೆ, ಬರಿಯ ನೀರು ಅದನ್ನು ಕರಗಿಸುವುದೂ ಇಲ್ಲ. ಚಮಚದ ಅಂಚಿನಿಂದ ಮೇಲಿನ ಪದರವನ್ನು ಕೆರೆದು, ಜೋಳದ ಪಿಷ್ಟದ ಪುಡಿಯನ್ನು ಒತ್ತಿ ರಾತ್ರಿಯಿಡೀ ಬಿಟ್ಟು, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು ತೆಗೆದರು. ಅನಂತರ ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳನ್ನು ಬೆಚ್ಚಗಿನ ನೀರಿನಲ್ಲಿ ಕಲಕಿ, ನೊರೆಯನ್ನಷ್ಟೇ ಬಿಳಿ ಬಟ್ಟೆಗೆ ತೆಗೆದುಕೊಂಡು, ಕಲೆಯ ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತೆಗೆದರು. ಬಟ್ಟೆಗೆ ಕಪ್ಪು ಅಂಟುವುದು ನಿಲ್ಲುವವರೆಗೆ ಇದನ್ನೇ ಮುಂದುವರಿಸಬೇಕು, ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆ ಬೇಕು. ಹಲ್ಲಿನ ಗುರುತು ಹೋಯಿತು. ಗೊತ್ತಿದ್ದವರಿಗೆ ಮಾತ್ರ ಕಾಣುವ ಒಂದು ಮಬ್ಬು ಉಳಿಯಿತು.

ಚಾವಣಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಿತ್ತು. ಆ ಬಟ್ಟೆಯ ಹಿಂದೆ ತೆಳುವಾದ ಸ್ಪಂಜು, ಅದರ ಹಿಂದೆ ಅಂಟು ಇರುತ್ತದೆ. ದ್ರಾವಕವನ್ನೋ ಹೆಚ್ಚು ನೀರನ್ನೋ ಹಾಕಿದರೆ ಅಂಟು ಬಿಟ್ಟು ಬಟ್ಟೆ ಜೋತುಬೀಳುತ್ತದೆ. ಅಲ್ಲಿ ನೊರೆಯನ್ನು ಬಿಟ್ಟು ಬೇರೇನನ್ನೂ ಬಳಸಲಿಲ್ಲ, ಗೆರೆಗಳು ಬೂದಾದಾಗ ಅಲ್ಲಿಗೇ ನಿಲ್ಲಿಸಿದರು. ಸ್ಟಿಯರಿಂಗ್ ಮತ್ತು ಹಿಡಿಗಳು ಸಾಬೂನಿಗೆ ಸುಲಭವಾಗಿ ಮಣಿದವು. ಟೈರಿನ ಕಂದು ಛಾಯೆಯ ಮೇಲೆ, ಮೊದಲು ಮರೆಯಲ್ಲೊಂದು ಕಡೆ ಪರೀಕ್ಷಿಸಿ, ಐಸೊಪ್ರೊಪೈಲ್ ಆಲ್ಕೋಹಾಲನ್ನೂ ಹಚ್ಚಿ ನೋಡಿದರು. ಏನೂ ಆಗಲಿಲ್ಲ, ಆಗುವಂಥದ್ದೂ ಅಲ್ಲ. ಕಾರ್ಪೆಟ್ಟನ್ನು ಎತ್ತಿ ನೋಡಿದಾಗ ಕೆಳಗಿನ ಪದರ ಇನ್ನೂ ತೇವವಾಗಿತ್ತು. ಮುಚ್ಚಿದ ಕಾರಿನಲ್ಲಿ ಬರುತ್ತಿದ್ದ ಮುಗ್ಗಲು ವಾಸನೆಗೆ ಅದೇ ಮೂಲ. ಅಂದಿನಿಂದ ಕಂಬಳಿ ಮತ್ತು ಟಾರ್ಪಾಲು ರಾತ್ರಿ ಕಾರಿನಲ್ಲಿ ಉಳಿಯುವುದಿಲ್ಲ.

ಈ ಕ್ರಮ ಜಾರಿಗೆ ಬಂದ ಮೇಲೆ ಹೊಸ ಕಲೆ ಬಿದ್ದದ್ದು ಒಂದೇ ಕಡೆ. ತುಂಬುವ ಕೆಲಸದ ನಡುವೆ ಯಾರೋ ಸವಾರನನ್ನು ಕರೆದದ್ದರಿಂದ, ಅವನು ಗವಸಿನ ಕೈಯನ್ನು ಬಾಗಿಲಿನ ಒಳಮೈಗೆ ಊರಿದ. ತುಂಬುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಇದರ ಬಗ್ಗೆ ಅವನ ಗೊಣಗಾಟ ಇನ್ನೂ ಮುಗಿದಿಲ್ಲ. ಇಳಿಸುವ ಹೊತ್ತು ಮಾತ್ರ ಕಡಿಮೆಯಾಗಿದೆ.

ಇಲ್ಲಿ ಹೇಳಿದ ಕೆಲವು ತೀರ್ಮಾನಗಳು ಹ್ಯಾಚ್‌ಬ್ಯಾಕ್ ಕಾರಿಗೇ ಸೇರಿದವು. ಡಿಕ್ಕಿ ಬೇರೆಯಾಗಿರುವ ಸೆಡಾನಿನಲ್ಲಿ ಹಿಂದಿನ ಸೀಟು ಮಡಚದಿದ್ದರೆ, ಸೈಕಲ್ ಪಕ್ಕದ ಬಾಗಿಲಿನಿಂದ ಸೀಟಿನ ಮೇಲೆಯೇ ಹೋಗಬೇಕು, ಅದಕ್ಕೆ ಎರಡೂ ಚಕ್ರಗಳನ್ನು ಕಳಚುವುದು ಅನಿವಾರ್ಯ. ಆಗ ಗೇರನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ತಂದು ಹಿಂದಿನ ಚಕ್ರ ತೆಗೆಯಬೇಕು, ಜೋತುಬೀಳುವ ಚೈನನ್ನು ಮುಸುಕಿನೊಳಗೇ ಕಟ್ಟಬೇಕು, ಮೆತ್ತನೆಯ ಸೀಟಿನೊಳಕ್ಕೆ ಲೋಹದ ತುದಿಗಳು ಇಳಿಯದಂತೆ ಕಂಬಳಿಯ ಕೆಳಗೆ ಗಟ್ಟಿ ರಟ್ಟನ್ನು ಇಡಬೇಕು. ಕಟ್ಟಲು ಅಲ್ಲಿ ನೆಲದ ಕೊಂಡಿಗಳಿರುವುದಿಲ್ಲ. ಸೀಟ್ ಬೆಲ್ಟನ್ನೇ ಚೌಕಟ್ಟಿನ ಒಳಗಿಂದ ಹಾಯಿಸಿ ಹಾಕಿಕೊಳ್ಳಬಹುದು, ಆದರೆ ಜಿಡ್ಡಾಗದಂತೆ ಬೆಲ್ಟಿಗೂ ಒಂದು ಬಟ್ಟೆಯ ಸುತ್ತು ಬೇಕು.